ಮಾತು ಮೊದಲು, ಗುಡುಗು ಆಮೇಲೆ: ಹೋಮ್ ಥಿಯೇಟರ್ ರಿಸೀವರ್‌ ಗೆಲ್ಲಿಸುವ ಸೂತ್ರಗಳು

ಹೋಮ್ ಥಿಯೇಟರ್ ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ದೂರು ಒಂದೇ. ಹೊಡೆದಾಟ ಬಂದರೆ ಕಿಟಕಿಯ ಗಾಜು ಗಡಗಡ ಎನ್ನುತ್ತದೆ. ತಾಯಿ ಮಗನ ಮಾತುಕತೆ ಬಂದರೆ ಒಂದಕ್ಷರವೂ ತಿಳಿಯುವುದಿಲ್ಲ. ಮನೆಯಲ್ಲಿ ಯಾರಾದರೊಬ್ಬರು ರಿಮೋಟ್ ಹಿಡಿದೇ ಸಿನಿಮಾ ನೋಡಬೇಕು, ಮಾತಿಗೆ ಏರಿಸುತ್ತ, ಫೈಟಿಗೆ ಇಳಿಸುತ್ತ. ಇನ್ನೂ ದುಬಾರಿ ರಿಸೀವರ್ ತಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ತೊಂದರೆ ಇರುವುದು ಬಹುಪಾಲು ಜೋಡಣೆಯಲ್ಲಿ.

ರಿಸೀವರ್ ಮಾಡುವುದು ಮೂರು ಕೆಲಸ. ಸೆಟ್‌ಟಾಪ್ ಬಾಕ್ಸ್, ಬ್ಲೂರೇ, ಗೇಮ್ ಕನ್ಸೋಲ್‌ಗಳಲ್ಲಿ ನೀವು ಆರಿಸಿದ್ದನ್ನು ಟಿವಿಗೆ ಕಳಿಸುವುದು. ಡಾಲ್ಬಿ, ಡಿಟಿಎಸ್ ರೂಪದಲ್ಲಿ ಅಡಕವಾಗಿ ಬಂದ ಧ್ವನಿಯನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವುದು. ಹಂಚಿದ್ದಕ್ಕೆ ಶಕ್ತಿ ತುಂಬುವುದು. ಇಷ್ಟನ್ನೂ ಅದು ನಿಮ್ಮ ಕೋಣೆಗೆ ತಕ್ಕಂತೆ ಮಾಡಬೇಕಾದರೆ ಒಂದು ರಜಾದಿನವನ್ನು ಅದಕ್ಕಾಗಿ ಎತ್ತಿಡಿ. ಮುಂದಿನ ಸೂತ್ರಗಳಿಗೆಲ್ಲ ಅಳತೆಗೋಲು ಒಂದೇ: ತೆರೆಯ ಮೇಲೆ ಆಡಿದ ಮಾತು ಸೋಫಾದ ಮೂಲೆಯಲ್ಲಿ ಕೂತ ಅಜ್ಜಿಗೂ ತಿಳಿಯಬೇಕು.

1. ಕೋಣೆ ಅಳೆದ ಮೇಲೆ ಅಂಗಡಿಗೆ ಹೋಗಿ

ಉದ್ದ, ಅಗಲ, ಎತ್ತರ, ಸೋಫಾದಿಂದ ಟಿವಿಗಿರುವ ದೂರ, ಬಾಗಿಲು ಕಿಟಕಿಗಳ ಜಾಗ: ಇಷ್ಟನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಅಂಗಡಿಯಲ್ಲಿ 5.1, 7.2, 5.1.2 ಎಂಬ ಅಂಕಿಗಳನ್ನು ಹೇಳುತ್ತಾರೆ. ಮೊದಲ ಅಂಕಿ ಸುತ್ತಲಿನ ಸ್ಪೀಕರ್‌ಗಳದ್ದು, ಎರಡನೆಯದು ಸಬ್‌ವೂಫರ್‌ನದ್ದು, ಮೂರನೆಯದು ಇದ್ದರೆ ತಲೆಯ ಮೇಲಿನವುಗಳದ್ದು. 12 ಅಡಿಗೆ 14 ಅಡಿಯ ಹಾಲ್‌ನಲ್ಲಿ, ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೆ, 7 ಚಾನೆಲ್‌ಗೆ ದುಡ್ಡು ಸುರಿಯುವುದು ಬೇಡ. ಬೆನ್ನ ಹಿಂದೆ ಎರಡು ಸ್ಪೀಕರ್ ಕೂರಲು ಜಾಗವೇ ಇರುವುದಿಲ್ಲ. ಅಲ್ಲಿ ಒಳ್ಳೆಯ 5.1 ಸಾಕು.

ಪಕ್ಕದಲ್ಲಿ ಸರೌಂಡ್ ಇಡಲೂ ಆಗದ ಮನೆಯಾದರೆ ಮುಂದೆ ಮೂರು ಸ್ಪೀಕರ್, ಒಂದು ಸಬ್‌ವೂಫರ್ ಇಟ್ಟು 3.1ರಿಂದ ಶುರುಮಾಡಿ. ಎಲ್ಲೆಲ್ಲೋ ತೂಗುಹಾಕಿದ ಐದು ಸ್ಪೀಕರ್‌ಗಿಂತ ನೆಟ್ಟಗೆ ಇಟ್ಟ ಮೂರು ಮೇಲು. ಮುಂದೆ ಮನೆ ಬದಲಾದಾಗ ಉಳಿದವನ್ನು ಸೇರಿಸಬಹುದು. ಸೌಂಡ್‌ಬಾರ್ ಬಿಟ್ಟು ರಿಸೀವರ್ ಕೊಳ್ಳಲು ಇರುವ ದೊಡ್ಡ ಕಾರಣವೇ ಅದು.

2. ವ್ಯಾಟ್‌ನ ಅಂಕಿಯನ್ನು ಪೂರ್ತಿ ಓದಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ 150 ವ್ಯಾಟ್ ಎಂದಿರುತ್ತದೆ. ಅದರ ಕೆಳಗಿನ ಸಣ್ಣಕ್ಷರ ನೋಡಿ. "6 ಓಮ್, 1 ಕಿಲೋಹರ್ಟ್ಸ್, 10 ಶೇಕಡಾ ವಿರೂಪ, ಒಂದು ಚಾನೆಲ್" ಎಂದಿದ್ದರೆ, ಒಂದೇ ಒಂದು ಸ್ಪೀಕರ್‌ಗೆ ಒಂದೇ ಸ್ವರವನ್ನು, ದನಿ ಒಡೆಯುವವರೆಗೂ ತಳ್ಳಿದಾಗ ಸಿಕ್ಕ ಅಂಕಿ ಅದು. "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08 ಶೇಕಡಾ, ಎರಡು ಚಾನೆಲ್" ಎಂದಿದ್ದರೆ ಆ ಅಂಕಿಯನ್ನು ನಂಬಬಹುದು. ಒಂದೇ ರಿಸೀವರ್‌ಗೆ ಎರಡನೆಯ ರೀತಿಯಲ್ಲಿ 70 ವ್ಯಾಟ್ ಬಂದರೆ ಮೊದಲ ರೀತಿಯಲ್ಲಿ ಅದರ ಇಮ್ಮಡಿ ಬರುವುದು ಮಾಮೂಲು. ಎರಡು ಮಾಡೆಲ್ ಹೋಲಿಸುವಾಗ ಒಂದೇ ರೀತಿಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಲೆಕ್ಕವೂ ತಿಳಿದಿರಲಿ. ಶಕ್ತಿ ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ಶಕ್ತಿ. ಹಾಗಾಗಿ 80 ವ್ಯಾಟ್‌ನದ್ದನ್ನು ಬಿಟ್ಟು 100 ವ್ಯಾಟ್‌ನದ್ದಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಕಿವಿಗೆ ಸಿಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲು ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ. 85 ಡೆಸಿಬೆಲ್‌ನ ಸ್ಪೀಕರ್‌ಗೆ ಹೋಲಿಸಿದರೆ 88ರದ್ದಕ್ಕೆ ಅಷ್ಟೇ ಶಬ್ದಕ್ಕೆ ಅರ್ಧ ಶಕ್ತಿ ಸಾಕು. 88 ಡೆಸಿಬೆಲ್‌ನ ಸ್ಪೀಕರ್ ಎದುರು ಮೂರು ಮೀಟರ್ ದೂರದಲ್ಲಿ ಕೂತು ಮಾಮೂಲು ದನಿಯಲ್ಲಿ ಮಾತು ಕೇಳಲು ಒಂದು ವ್ಯಾಟ್ ಕೂಡ ಬೇಕಾಗುವುದಿಲ್ಲ. ಉಳಿದ ವ್ಯಾಟ್‌ಗಳೆಲ್ಲ ಸಿಡಿಲು, ಸ್ಫೋಟಗಳಂಥ ಕ್ಷಣಗಳ ಮೀಸಲು.

ಸ್ಪೀಕರ್ 4 ಓಮ್‌ನದ್ದಾದರೆ ಮಾತ್ರ ಎಚ್ಚರ. ರಿಸೀವರ್‌ನ ಹಿಂಭಾಗದಲ್ಲಿ ಎಷ್ಟು ಓಮ್‌ವರೆಗೆ ತಾಳುತ್ತದೆ ಎಂದು ಅಚ್ಚಾಗಿರುತ್ತದೆ, ಅದನ್ನು ಓದಿಯೇ ಜೋಡಿ ಮಾಡಿ.

3. ರಿಸೀವರ್‌ನ ಬೆನ್ನು ನೋಡಿ ಕೊಳ್ಳಿ

ಮುಂಭಾಗದ ಹೊಳಪು ಕೆಲಸಕ್ಕೆ ಬರುವುದಿಲ್ಲ, ಹಿಂಭಾಗದ ಪೋರ್ಟ್‌ಗಳು ಬರುತ್ತವೆ. ಎಚ್‌ಡಿಎಂಐ ಇನ್‌ಪುಟ್ ನಾಲ್ಕಾದರೂ ಇರಲಿ. ಔಟ್‌ಪುಟ್ ಪಕ್ಕದಲ್ಲಿ ಇ-ಆರ್ಕ್ ಎಂಬ ಗುರುತು ಇರಲಿ, ಟಿವಿಯ ಧ್ವನಿ ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸು ಬರುವ ದಾರಿ ಅದು. ಮುಂದೆಂದಾದರೂ ಬೇರೆ ಆಂಪ್ಲಿಫೈಯರ್ ಸೇರಿಸುವ ಆಸೆಯಿದ್ದರೆ ಪ್ರಿ-ಔಟ್ ಇದೆಯೇ ನೋಡಿ.

ಹಳೆಯದನ್ನು ಕೊಳ್ಳುವುದು ಜಾಣತನವೇ. ಆದರೆ ಎಲ್ಲ ಪೋರ್ಟ್‌ಗೂ ಒಂದೊಂದಾಗಿ ಕೇಬಲ್ ಚುಚ್ಚಿ ಪರೀಕ್ಷಿಸಿ, ರಿಮೋಟ್ ಜೊತೆಗೆ ಕೋಣೆ ಅಳೆಯುವ ಮೈಕನ್ನೂ (11ನೆಯ ಸೂತ್ರ ನೋಡಿ) ಕೇಳಿ ಪಡೆಯಿರಿ. ಒಂದು ಕಂಪನಿಯ ಮೈಕು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. 2020ರಲ್ಲಿ ಬಂದ ಎಚ್‌ಡಿಎಂಐ 2.1ರ ಮೊದಲ ತಲೆಮಾರಿನ ಕೆಲವು ರಿಸೀವರ್‌ಗಳಲ್ಲಿ ಚಿಪ್‌ನ ದೋಷದಿಂದ ಕೆಲವು ಗೇಮ್ ಕನ್ಸೋಲ್‌ಗಳ 4ಕೆ, 120 ಹರ್ಟ್ಸ್ ಚಿತ್ರ ಬಾರದೆ ತೆರೆ ಕಪ್ಪಾಗುತ್ತಿತ್ತು. ಆ ವರ್ಷದ್ದಾದರೆ ಅದನ್ನು ಸರಿಪಡಿಸಲಾಗಿದೆಯೇ ಎಂದು ವಿಚಾರಿಸಿ. ಗೇಮ್ ಆಡದವರಿಗೆ ಈ ತಾಪತ್ರಯವೇ ಇಲ್ಲ. ಟಿವಿಯಲ್ಲೂ ರಿಸೀವರ್‌ನಲ್ಲೂ ಇ-ಆರ್ಕ್ ಇದ್ದರೆ ಕನ್ಸೋಲನ್ನು ನೇರವಾಗಿ ಟಿವಿಗೆ ಚುಚ್ಚಿ, ಧ್ವನಿಯನ್ನಷ್ಟೇ ರಿಸೀವರ್‌ಗೆ ಇಳಿಸಿಕೊಳ್ಳುವ ದಾರಿಯೂ ಇದೆ.

4. ಅಮೆರಿಕದಿಂದ ತರಿಸುವ ಮುನ್ನ ವೋಲ್ಟೇಜ್ ನೋಡಿ

ಮಗನೋ ಅಳಿಯನೋ ಅಲ್ಲಿಂದ ಬರುವಾಗ ಅಗ್ಗಕ್ಕೆ ಸಿಕ್ಕಿತೆಂದು ರಿಸೀವರ್ ಹೊತ್ತು ತರುವುದುಂಟು. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್‌ನದ್ದು; ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಪ್ಲಗ್‌ಗೆ ಅಡಾಪ್ಟರ್ ಸಿಕ್ಕಿಸಿ ಹಚ್ಚಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಭಾರ, ಬಿಸಿ, ಗುಂಯ್ ಸದ್ದು ಬೇರೆ. ವಾರಂಟಿಯೂ ಇಲ್ಲಿ ನಡೆಯುವುದಿಲ್ಲ. ನನ್ನ ಸಲಹೆ: ಇಲ್ಲಿಯೇ ಕೊಳ್ಳಿ.

5. ಗಾಳಿ ಕೊಡಿ, ಕರೆಂಟ್ ಕಾಯಿರಿ

ರಿಸೀವರ್ ಬಿಸಿಯಾಗುವ ಯಂತ್ರ. ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಮುಚ್ಚಿಟ್ಟರೆ ಆಯುಸ್ಸು ಕುಗ್ಗುತ್ತದೆ. ಮೇಲೆ ಅರ್ಧ ಅಡಿಯಾದರೂ ಖಾಲಿ ಬಿಡಿ. ಅದರ ತಲೆಯ ಮೇಲೆ ಸೆಟ್‌ಟಾಪ್ ಬಾಕ್ಸ್, ಹೂದಾನಿ, ಕಸೂತಿ ಬಟ್ಟೆ ಬೇಡ. ಇರುವೆ, ಜಿರಳೆ, ಹಲ್ಲಿಗಳಿಗೆ ಬೆಚ್ಚಗಿನ ಜಾಗ ಬಲು ಇಷ್ಟ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣ ಬ್ರಷ್‌ನಿಂದ ಧೂಳು ಒರೆಸಿ.

ಮಲೆನಾಡು, ಕರಾವಳಿಯವರು ಸಿಡಿಲಿಗೆ ಹೆಚ್ಚು ಎಚ್ಚರದಿಂದಿರಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಿ. ಡಿಷ್‌ನಿಂದ ಬರುವ ಕೇಬಲ್, ಇಂಟರ್‌ನೆಟ್ ವೈರ್ ಎರಡನ್ನೂ ಬಿಡಿಸಿ. ಸಿಡಿಲು ಕರೆಂಟ್ ದಾರಿಯಲ್ಲೇ ಬರಬೇಕೆಂದಿಲ್ಲ. ಡಿಷ್ ಕೇಬಲ್‌ನಲ್ಲಿ ಬಂದು ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಮೂಲಕ ರಿಸೀವರ್ ಬೋರ್ಡನ್ನು ಸುಡಬಲ್ಲದು. ವೋಲ್ಟೇಜ್ ಏರಿಳಿತ ಇರುವ ಊರಲ್ಲಿ ಸ್ಟೆಬಿಲೈಜರ್ ಹಾಕಿ.

ಸ್ಪೀಕರ್‌ನಲ್ಲಿ ಸದಾ "ಹುಂ" ಎಂಬ ಸದ್ದು ಬರುತ್ತಿದ್ದರೆ ಮೊದಲು ಡಿಷ್ ಅಥವಾ ಕೇಬಲ್ ಟಿವಿಯ ವೈರ್ ಬಿಡಿಸಿ ನೋಡಿ. ಸದ್ದು ನಿಂತರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತುತ್ತಿದೆ ಎಂದರ್ಥ. ಆ ವೈರ್‌ಗೆ ಐಸೊಲೇಟರ್ ಹಾಕಿಸಿದರೆ ಮುಗಿಯಿತು. ಸದ್ದು ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಖಂಡಿತ ಮಾಡಬೇಡಿ.

6. ವೈರ್‌ಗೆ ದುಂದು ಬೇಡ, ಜಿಪುಣತನವೂ ಬೇಡ

ಮೀಟರ್‌ಗೆ ಸಾವಿರಾರು ರೂಪಾಯಿಯ ಸ್ಪೀಕರ್ ವೈರ್‌ನಿಂದ ಮಾತು ಸ್ಪಷ್ಟವಾಗುವುದಿಲ್ಲ. ಶುದ್ಧ ತಾಮ್ರದ 1.5 ಚದರ ಮಿಲಿಮೀಟರ್ ವೈರ್ ಮುಂದಿನ ಸ್ಪೀಕರ್‌ಗಳಿಗೆ ಸಾಕು. ಹತ್ತು ಮೀಟರ್ ದಾಟುವ ಸರೌಂಡ್‌ಗೆ 2.5 ಹಾಕಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ, ಬಿಟ್ಟುಬಿಡಿ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೇ ಒಂದು ಸ್ಪೀಕರ್ ಅದಲುಬದಲಾದರೂ ಬಾಸ್ ತೆಳುವಾಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ಬಂದ ವೈರ್‌ನಲ್ಲಿ ಯಾವುದು ಯಾವುದೆಂದು ತಿಳಿಯದಿದ್ದರೆ, ರಿಸೀವರ್ ಕಡೆಯ ತುದಿಗಳನ್ನು ಬಿಡಿಸಿ 1.5 ವೋಲ್ಟ್ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ವೂಫರ್‌ನ ಪೊರೆ ಮುಂದಕ್ಕೆ ಚಿಮ್ಮಿದರೆ ಸೆಲ್‌ನ ಪ್ಲಸ್ ತಾಗಿದ್ದೇ ಕೆಂಪಿಗೆ ಹೋಗಬೇಕಾದ ತುದಿ. ಬಿಡಿ ಎಳೆಗಳು ಪಕ್ಕದ ಟರ್ಮಿನಲ್‌ಗೆ ತಾಗದಂತೆ ಹೊಸೆಯಿರಿ, ಇಲ್ಲವೇ ಬನಾನಾ ಪ್ಲಗ್ ಹಾಕಿ. ಇದಿಷ್ಟೂ ರಿಸೀವರ್ ಪ್ಲಗ್ ಕಿತ್ತಿಟ್ಟೇ ಮಾಡುವ ಕೆಲಸ.

7. ಸೆಂಟರ್ ಸ್ಪೀಕರ್‌ಗೆ ಮೊದಲ ಮರ್ಯಾದೆ

ಸಿನಿಮಾದ ಮಾತಿನ ಬಹುಪಾಲು ಬರುವುದು ಇದೊಂದರಿಂದ. ಆದರೂ ಟಿವಿ ಸ್ಟ್ಯಾಂಡ್‌ನ ಕೆಳಖಾನೆಯಲ್ಲಿ, ಒಳಕ್ಕೆ ತಳ್ಳಿ, ನಾಯಕನ ಮಾತೆಲ್ಲ ನಮ್ಮ ಮೊಣಕಾಲಿಗೆ ಹೋಗುವಂತೆ ಇಡುವುದೇ ಹೆಚ್ಚು. ಹಲಗೆಯ ಅಂಚಿಗೆ ಸರಿಯಾಗಿ ಮುಂದಕ್ಕೆ ಎಳೆಯಿರಿ. ಕೆಳಗೆ ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಕೂತವರ ಕಿವಿಯತ್ತ ಎತ್ತಿ. ಅಕ್ಕಪಕ್ಕ ಪುಸ್ತಕ, ಫೋಟೋ ಒತ್ತಿಡಬೇಡಿ. ಟಿವಿ ಗೋಡೆಯ ಮೇಲೆ ತೀರ ಎತ್ತರದಲ್ಲಿದ್ದರೆ ಟಿವಿಯನ್ನೇ ಕೆಳಗಿಳಿಸುವುದು ಒಳ್ಳೆಯದು. ಕಣ್ಣಿಗೂ ಕತ್ತಿಗೂ ಹಿತ, ಮಾತೂ ಮುಖದಿಂದಲೇ ಬಂದಂತೆ ಇರುತ್ತದೆ.

ಎಡ, ಬಲ, ಮಧ್ಯ ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿರಲಿ. ಮಾತಾಡುವವನು ತೆರೆಯ ಎಡದಿಂದ ಬಲಕ್ಕೆ ನಡೆದಾಗ ಅವನ ದನಿಯ ಬಣ್ಣ ಬದಲಾಗಬಾರದು. ಬಜೆಟ್‌ನಲ್ಲಿ ಏನಾದರೂ ಕಡಿಮೆ ಮಾಡಲೇಬೇಕಾದರೆ ಸರೌಂಡ್‌ನಲ್ಲಿ ಮಾಡಿ, ಸೆಂಟರ್‌ನಲ್ಲಿ ಬೇಡ.

8. ಉಳಿದವರ ಜಾಗ

ನಿಮ್ಮ ಮೂಗಿನ ನೇರ ಸೊನ್ನೆ ಡಿಗ್ರಿ ಎಂದುಕೊಳ್ಳಿ. ಎಡ ಬಲದ ಮುಂದಿನ ಸ್ಪೀಕರ್‌ಗಳು 30 ಡಿಗ್ರಿಯಲ್ಲಿ, ಟ್ವೀಟರ್ ಕಿವಿಯ ಮಟ್ಟದಲ್ಲಿ. 5.1ರ ಸರೌಂಡ್‌ಗಳು 110 ಡಿಗ್ರಿಯ ಆಸುಪಾಸು, ಅಂದರೆ ಭುಜಕ್ಕಿಂತ ಕೊಂಚ ಹಿಂದೆ, ಕಿವಿಗಿಂತ ತುಸು ಮೇಲೆ. ಮುಂದಿನ ಗೋಡೆಯಲ್ಲೇ ಐದನ್ನೂ ಸಾಲಾಗಿ ಜೋಡಿಸುವ ಅಲಂಕಾರ ಬೇಡ.

ತಲೆಯ ಮೇಲಿಂದಲೂ ಶಬ್ದ ತರುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಬಂತು, 2014ರಲ್ಲಿ ಮನೆಗಳಿಗೆ. ತಲೆಯ ಮೇಲೆ ಎರಡು ಸ್ಪೀಕರ್ ಹಾಕುವುದಾದರೆ ಫಾಲ್ಸ್ ಸೀಲಿಂಗ್ ಮಾಡುವಾಗಲೇ ಕೂರುವ ಜಾಗಕ್ಕಿಂತ ಸ್ವಲ್ಪ ಮುಂದಕ್ಕೆ ತೂತು ಬಿಡಿಸಿ, ವೈರ್ ಎಳೆಸಿಡಿ. ಛಾವಣಿಗೆ ಶಬ್ದ ಹೊಡೆದು ಕೆಳಗಿಳಿಸುವ ಸ್ಪೀಕರ್‌ಗಳು ಚಪ್ಪಟೆ ಕಾಂಕ್ರೀಟ್ ಸೂರಿಗೆ ಮಾತ್ರ. ಮಂಗಳೂರು ಹೆಂಚಿನ ಇಳಿಜಾರು ಮಾಡಿನ ಕೆಳಗೆ ಅವುಗಳಿಗೆ ದುಡ್ಡು ಕೊಡಬೇಡಿ.

9. ಸಬ್‌ವೂಫರ್ ಜಾಗವನ್ನು ಮಂಡಿಯೂರಿ ಹುಡುಕಿ

ಮೂಲೆಯಲ್ಲಿ ಜಾಗವಿದೆ, ಅಲ್ಲಿಟ್ಟರಾಯಿತು ಎಂಬಲ್ಲಿಗೆ ಅರ್ಧ ಕೆಲಸ ಕೆಡುತ್ತದೆ. 40 ಹರ್ಟ್ಸ್‌ನ ಶಬ್ದದ ಅಲೆ ಎಂಟೂವರೆ ಮೀಟರ್ ಉದ್ದ. ನಮ್ಮ ಹಾಲ್‌ಗಳಿಗಿಂತ ದೊಡ್ಡದು. ಎದುರುಬದುರು ಗೋಡೆಗಳ ನಡುವೆ ಅದು ಸಿಕ್ಕಿಹಾಕಿಕೊಂಡು ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಮಾಯವಾಗುತ್ತದೆ. 12 ಅಡಿ ಅಂತರದ ಗೋಡೆಗಳ ನಡುವೆ ಈ ಆಟ ಸುಮಾರು 47 ಹರ್ಟ್ಸ್‌ನಲ್ಲಿ ಶುರುವಾಗುತ್ತದೆ; ಗೋಡೆಯ ಬಳಿ ಕೂತವರಿಗೆ ಅತಿ ಗುಮ್ಮು, ನಟ್ಟನಡುವೆ ಕೂತವರಿಗೆ ಏನೂ ಇಲ್ಲ. ಅದಕ್ಕೇ ಸೋಫಾ ಕೋಣೆಯ ಸರಿಮಧ್ಯದಲ್ಲೂ ಬೇಡ, ಗೋಡೆಗೆ ಅಂಟಿಯೂ ಬೇಡ.

ಉಪಾಯ ಹಳೆಯದು, ಕೆಲಸ ಮಾಡುವಂಥದ್ದು. ಸೋಫಾದಲ್ಲಿ ನೀವು ಕೂರುವ ಜಾಗದಲ್ಲಿ ಸಬ್‌ವೂಫರನ್ನೇ ಕೂರಿಸಿ, ಬಾಸ್ ಏರಿಳಿಯುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ. ಅದನ್ನು ಎಲ್ಲೆಲ್ಲಿ ಇಡಲು ಸಾಧ್ಯವೋ ಅಲ್ಲೆಲ್ಲ ನೀವು ಮಂಡಿಯೂರಿ ಹೋಗಿ, ಸಬ್‌ವೂಫರ್‌ನ ಎತ್ತರಕ್ಕೆ ತಲೆ ತಗ್ಗಿಸಿ ಕೇಳಿ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸಮನಾಗಿ ಕೇಳುವ ಜಾಗ ಎಲ್ಲೋ ಒಂದಿರುತ್ತದೆ. ಅಲ್ಲೇ ಅದನ್ನು ಇಡಿ. ಬಾಸ್ ಹಿಡಿತದಲ್ಲಿದ್ದರೆ ಗಂಡು ದನಿಯ ಗುಂಯ್‌ಗುಟ್ಟುವಿಕೆ ತನ್ನಿಂತಾನೆ ಕಡಿಮೆಯಾಗುತ್ತದೆ, ಮಾತು ತಿಳಿಯಾಗುತ್ತದೆ.

ಸಬ್‌ವೂಫರ್ ಬೆನ್ನಿನ ಕ್ರಾಸ್‌ಓವರ್ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿ, ಇಲ್ಲವೇ ಎಲ್‌ಎಫ್‌ಇ ಎಂಬಲ್ಲಿಗೆ ತಳ್ಳಿ. ಯಾವ ಶಬ್ದ ಸಬ್‌ವೂಫರ್‌ಗೆ, ಯಾವುದು ಉಳಿದ ಸ್ಪೀಕರ್‌ಗೆ ಎಂದು ಹಂಚುವ ಕೆಲಸವನ್ನು ರಿಸೀವರ್ ನೋಡಿಕೊಳ್ಳುತ್ತದೆ. ವಾಲ್ಯೂಮ್ ಅರ್ಧಕ್ಕೆ.

10. ಟೈಲ್ಸ್ ಹಾಲ್‌ನ ಮಾರ್ದನಿ ಅಡಗಿಸಿ

ವಿಟ್ರಿಫೈಡ್ ಟೈಲ್ಸ್, ಬರಿ ಗೋಡೆ, ಅಗಲ ಗಾಜಿನ ಕಿಟಕಿ: ಹೊಸ ಫ್ಲ್ಯಾಟ್‌ಗಳಲ್ಲಿ ಚಪ್ಪಾಳೆ ತಟ್ಟಿದರೆ ಕಣಕಣ ಅನ್ನುತ್ತದೆ. ಆ ಕಣಕಣ ಪ್ರತಿ ಮಾತಿನ ಬಾಲಕ್ಕೂ ಅಂಟಿಕೊಂಡು ಮುಂದಿನ ಮಾತನ್ನು ಮಸುಕು ಮಾಡುತ್ತದೆ. ಯಾವ ರಿಸೀವರ್ ಕೂಡ ಇದನ್ನು ಪೂರ್ತಿ ತಿದ್ದಲಾರದು. ಟಿವಿ ಮತ್ತು ಸೋಫಾದ ನಡುವೆ ದಪ್ಪ ಜಮಖಾನ ಹಾಸಿ. ಕಿಟಕಿಗೆ ನೆರಿಗೆ ಹೆಚ್ಚಿರುವ ಭಾರದ ಪರದೆ ಬಿಡಿ. ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು ಬಂದರೆ ಇನ್ನೂ ಚೆನ್ನ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಈ ಖರ್ಚಿಗೆ ಸಿಗುವ ಫಲ ಮುಂದಿನ ಮಾಡೆಲ್ ರಿಸೀವರ್‌ಗೆ ಕೊಡುವ ದುಡ್ಡಿಗೆ ಸಿಗುವುದಿಲ್ಲ.

11. ಮೈಕ್ ಅಳತೆಗೆ ಮನೆ ಮೌನವಾಗಿರಲಿ

ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸಿ, ಯಮಾಹಾದಲ್ಲಿ ವೈಪಿಎಒ ಎಂಬ ಹೆಸರಿನ ವ್ಯವಸ್ಥೆ ಇರುತ್ತದೆ. ಬೇರೆ ಕಂಪನಿಗಳಲ್ಲೂ ಇಂಥದ್ದಿದೆ. ಜೊತೆಗೆ ಬಂದ ಪುಟ್ಟ ಮೈಕನ್ನು ಚುಚ್ಚಿದರೆ ರಿಸೀವರ್ ಒಂದೊಂದು ಸ್ಪೀಕರ್‌ನಿಂದಲೂ ಪರೀಕ್ಷೆಯ ಸದ್ದು ಹೊರಡಿಸಿ, ದೂರ, ಮಟ್ಟ, ಕೋಣೆಯ ಏರುಪೇರು ಎಲ್ಲವನ್ನೂ ಅಳೆದು ತಿದ್ದುತ್ತದೆ. ಪೆಟ್ಟಿಗೆಯಲ್ಲಿ ಮೈಕ್ ಹಾಗೇ ಪ್ಲಾಸ್ಟಿಕ್ ಕವರ್‌ನಲ್ಲಿ ಉಳಿದಿರುವ ಮನೆಗಳು ಬೇಕಾದಷ್ಟಿವೆ. ದಯವಿಟ್ಟು ಹೊರತೆಗೆಯಿರಿ.

ಬೆಳಗಿನ ಜಾವ ಒಳ್ಳೆಯ ಹೊತ್ತು. ಫ್ಯಾನ್, ಎಸಿ, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ಬಂದ್. ಕುಕ್ಕರ್ ಒಲೆಯ ಮೇಲಿರಬಾರದು. ನಡುವೆ ಒಂದು ಸೀಟಿ ಹೊಡೆದರೆ ಅಳತೆ ಕೆಡುತ್ತದೆ. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಒರಗಿನ ಮೇಲೆ ಇಡಬೇಡಿ. ಕ್ಯಾಮೆರಾದ ಟ್ರೈಪಾಡ್‌ಗೆ ಸಿಕ್ಕಿಸಿ ಕೂತವರ ಕಿವಿಯ ಎತ್ತರಕ್ಕೆ ತನ್ನಿ. ಮೊದಲ ಅಳತೆ ಮುಖ್ಯ ಆಸನದಲ್ಲೇ ಆಗಬೇಕು. ಉಳಿದವನ್ನು ಅದರ ಸುತ್ತ ಎರಡಡಿಯೊಳಗೆ ತೆಗೆದುಕೊಳ್ಳಿ. ರಿಸೀವರ್ ಆರೋ ಎಂಟೋ ಜಾಗ ಕೇಳಿದರೆ ಅಷ್ಟನ್ನೂ ಕೊಡಿ, ಮೂರಕ್ಕೇ ಮುಗಿಸಬೇಡಿ. ಪರೀಕ್ಷೆಯ ಸದ್ದು ಜೋರಾಗಿರುತ್ತದೆ, ಹಸುಗೂಸುಗಳನ್ನು ಆಚೆ ಕೋಣೆಗೆ ಕಳಿಸಿ.

12. ಅಳತೆ ಮುಗಿದ ಮೇಲೆ ಮೂರು ತಿದ್ದುಪಡಿ

ಒಂದು: ಸ್ಪೀಕರ್‌ಗಳನ್ನು ರಿಸೀವರ್ "ಲಾರ್ಜ್" ಎಂದು ಗುರುತಿಸಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಇದರಲ್ಲಿ ಸ್ಪೀಕರ್‌ಗೆ ಅವಮಾನವೇನೂ ಇಲ್ಲ. 80ರ ಕೆಳಗಿನ ಭಾರ ಸಬ್‌ವೂಫರ್‌ಗೆ ಹೋಗಿ, ಉಳಿದವು ಮಾತಿಗೆ ಬಿಡುವಾಗುತ್ತವೆ. ತೀರ ಪುಟ್ಟ ಸ್ಪೀಕರ್‌ಗೆ ರಿಸೀವರ್ 120, 150 ಎಂದು ಕೊಟ್ಟಿದ್ದರೆ ಅದನ್ನು ಇಳಿಸಬೇಡಿ.

ಎರಡು: ಸೆಂಟರ್ ಮಟ್ಟವನ್ನು 2 ಡೆಸಿಬೆಲ್ ಏರಿಸಿ. ಅಳತೆಯ ದೃಷ್ಟಿಯಿಂದ ಇದು ತಪ್ಪು. ಆದರೆ ಬೀದಿಯ ಗದ್ದಲ, ತಲೆಮೇಲೆ ತಿರುಗುವ ಫ್ಯಾನ್ ಇರುವ ನಮ್ಮ ಮನೆಗಳಲ್ಲಿ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರು: ಸಬ್‌ವೂಫರ್ ಹತ್ತಡಿ ದೂರದಲ್ಲಿದ್ದರೂ ರಿಸೀವರ್ ಹದಿನೈದು ಅಡಿ ಎಂದು ತೋರಿಸಬಹುದು. ಟೇಪ್ ಹಿಡಿದು ಅದನ್ನು ತಿದ್ದಲು ಹೋಗಬೇಡಿ. ಸಬ್‌ವೂಫರ್ ಒಳಗಿನ ಸರ್ಕ್ಯೂಟ್‌ನಲ್ಲಾಗುವ ತಡವನ್ನೂ ಸೇರಿಸಿ ಅದು ಲೆಕ್ಕ ಹಾಕಿರುತ್ತದೆ. ತಿದ್ದುಪಡಿ ಎಂದೆನಾದರೂ ಇಲ್ಲಿ ಕೈ ಕಟ್ಟಿ ಕೂರುವುದೇ ಸರಿ.

13. ಟಿವಿಯ ಧ್ವನಿ ಪೂರ್ತಿ ಬರುತ್ತಿದೆಯೇ ನೋಡಿ

ಟಿವಿಯೊಳಗಿನ ಆ್ಯಪ್‌ಗಳಲ್ಲಿ ಸಿನಿಮಾ ನೋಡುವವರಿಗೆ ಈ ಸೂತ್ರ. ಟಿವಿಯ ಆರ್ಕ್ ಅಥವಾ ಇ-ಆರ್ಕ್ ಎಂದು ಬರೆದ ಪೋರ್ಟ್‌ಗೇ ಕೇಬಲ್ ಹಾಕಿ, ಬೇರೆಯದಕ್ಕೆ ಹಾಕಿದರೆ ಧ್ವನಿ ವಾಪಸು ಬರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ ಬಿಟ್ಟು ಪಾಸ್ ಥ್ರೂ ಅಥವಾ ಬಿಟ್‌ಸ್ಟ್ರೀಮ್ ಆರಿಸಿ. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋಗಳ ಅಟ್ಮಾಸ್ ಹಳೆಯ ಆರ್ಕ್‌ನಲ್ಲೂ ಸಾಗಬಲ್ಲದು. ಬ್ಲೂರೇಯ ಪೂರ್ಣ ಗುಣಮಟ್ಟಕ್ಕೆ ಇ-ಆರ್ಕ್ ಬೇಕು. ಆಪ್ಟಿಕಲ್ ವೈರ್ ಹಾಕಿದರೆ 5.1ಕ್ಕೇ ನಿಲ್ಲುತ್ತದೆ. ಕೆಲವು ಟಿವಿಗಳು ಡಿಟಿಎಸ್ ಅನ್ನು ಮುಂದೆ ಕಳಿಸುವುದೇ ಇಲ್ಲ, ಅಂಥ ಕಡೆ ಬ್ಲೂರೇ ಪ್ಲೇಯರನ್ನು ನೇರ ರಿಸೀವರ್‌ಗೆ ಚುಚ್ಚಿ.

ಸಿನಿಮಾ ಶುರುವಾದಾಗ ರಿಸೀವರ್‌ನ ಮುಂದಿನ ಅಕ್ಷರಗಳನ್ನು ಓದುವ ರೂಢಿ ಮಾಡಿಕೊಳ್ಳಿ. ಅಟ್ಮಾಸ್ ಇರುವ ಚಿತ್ರಕ್ಕೆ ಅಲ್ಲಿ "ಸ್ಟೀರಿಯೋ" ಎಂದಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಸೆಟ್ಟಿಂಗ್ ತಪ್ಪಿದೆ. ತುಟಿ ಮುಂದೆ, ಮಾತು ಹಿಂದೆ ಅಥವಾ ಮಾತು ಮುಂದೆ, ತುಟಿ ಹಿಂದೆ ಆದರೆ ಲಿಪ್ ಸಿಂಕ್ ಎಂಬ ಆಯ್ಕೆಯಲ್ಲಿ ಹತ್ತು ಹತ್ತು ಮಿಲಿಸೆಕೆಂಡ್ ಸರಿಸಿ ನೋಡಿ.

14. ಹಾಡಿಗೆ ಹಾಡಿನ ಮೋಡ್, ರಾತ್ರಿಗೆ ರಾತ್ರಿಯ ಮೋಡ್

"ಹಾಲ್", "ಸ್ಟೇಡಿಯಂ", "ಚರ್ಚ್" ಎಂಬ ಮೋಡ್‌ಗಳನ್ನು ಮರೆತುಬಿಡಿ. ಇಲ್ಲದ ಮಾರ್ದನಿ ಸೇರಿಸಿ ಮಾತು ಕೆಡಿಸುವುದಷ್ಟೇ ಅವುಗಳ ಕೆಲಸ. ಪಿ.ಬಿ. ಶ್ರೀನಿವಾಸ್ ಹಾಡಿದ ಹಳೆಯ ಚಿತ್ರಗೀತೆಗಳು ಮೋನೋದಲ್ಲಿ ಮುದ್ರಣವಾದವು. ಅವನ್ನು ಎಲ್ಲ ಸ್ಪೀಕರ್‌ಗಳಲ್ಲೂ ಚೆಲ್ಲಬೇಡಿ. ಸ್ಟೀರಿಯೋ ಒತ್ತಿ, ಎರಡು ಸ್ಪೀಕರ್‌ಗಳ ನಡುವೆ ಗಾಯಕ ಬಂದು ನಿಲ್ಲುತ್ತಾರೆ. ಧಾರಾವಾಹಿ, ವಾರ್ತೆಗಳಿಗೆ ಡಾಲ್ಬಿ ಸರೌಂಡ್ ಮೋಡ್ ಚೆನ್ನ. ಎರಡು ಚಾನೆಲ್‌ನಲ್ಲಿ ಬಂದ ಮಾತನ್ನು ಸೆಂಟರ್‌ಗೆ ತಂದು ಕೂರಿಸುತ್ತದೆ.

ವಾಲ್ಯೂಮ್ ತೋರಿಸುವ ಪಟ್ಟಿಯಲ್ಲಿ ಸೊನ್ನೆ ಡೆಸಿಬೆಲ್ ಅಂದರೆ, ಮೈಕ್ ಅಳತೆ ಆದ ರಿಸೀವರ್‌ನಲ್ಲಿ, ಚಿತ್ರಮಂದಿರದ ಮಟ್ಟ: ಒಂದೊಂದು ಚಾನೆಲ್ 105 ಡೆಸಿಬೆಲ್ ಮುಟ್ಟಬಲ್ಲದು. ಮನೆಗೆ ಮೈನಸ್ 25, ಮೈನಸ್ 20 ಧಾರಾಳ. ರಾತ್ರಿ ಹತ್ತರ ಮೇಲೆ ನೈಟ್ ಮೋಡ್ ಅಥವಾ ಡೈನಮಿಕ್ ವಾಲ್ಯೂಮ್ ಹಾಕಿ. ಗುಡುಗನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಬಾಸ್ ಗೋಡೆ ದಾಟುತ್ತದೆ, ಮಾತು ದಾಟುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರ್ ಕೆಳಗೆ ದಪ್ಪ ಫೋಮ್ ಇಟ್ಟು, ಆ ಹೊತ್ತಿನಲ್ಲಿ ಅದರ ಮಟ್ಟ ಇಳಿಸಿ. ಕೆಳಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿರುತ್ತದೆ.

15. ಗೊತ್ತಿರುವ ಸಿನಿಮಾದಿಂದ ಪರೀಕ್ಷಿಸಿ

ಡೆಮೊ ವಿಡಿಯೋದಲ್ಲಿ ಎಲ್ಲ ರಿಸೀವರ್‌ಗಳೂ ಚೆನ್ನಾಗಿಯೇ ಕೇಳುತ್ತವೆ. "ಕಾಂತಾರ" ಹಾಕಿ. ಕರಾವಳಿಯ ಕನ್ನಡದಲ್ಲಿ ಊರವರು ಹರಟುವ ದೃಶ್ಯಗಳಲ್ಲಿ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವಾಗಲೂ ಪದಗಳು ಬಿಡಿಬಿಡಿಯಾಗಿ ಸಿಕ್ಕರೆ ಸೆಂಟರ್ ಸರಿಯಾಗಿ ಕೂತಿದೆ. ಕೊನೆಯ ದೈವದ ಕೂಗಿನಲ್ಲಿ ದನಿ ಒಡೆಯಬಾರದು, ಕಿವಿ ಚುಚ್ಚಬಾರದು, ಮೈ ಮಾತ್ರ ಜುಮ್ಮೆನ್ನಬೇಕು. ಆಮೇಲೆ "ಕೆಜಿಎಫ್". ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತ ಭೋರ್ಗರೆಯುವಾಗ ಅದರ ಮೇಲೆ ಸಂಭಾಷಣೆ ತೇಲಿ ಬರುತ್ತದೆಯೇ ಕೇಳಿ. ಮುಳುಗುತ್ತಿದ್ದರೆ ಮೊದಲು ಸಬ್‌ವೂಫರ್ 2 ಡೆಸಿಬೆಲ್ ಇಳಿಸಿ, ಆಗಲೂ ಸಾಲದಿದ್ದರೆ ಸೆಂಟರನ್ನು ಇನ್ನೊಂದು ಏರಿಸಿ. ವಾಲ್ಯೂಮ್ ಮುಟ್ಟಬೇಡಿ. ಇಡೀ ಸಿನಿಮಾ ಮುಗಿಯುವವರೆಗೆ ಯಾರೂ ರಿಮೋಟ್ ಹುಡುಕದಿದ್ದರೆ ಜೋಡಣೆ ಗೆದ್ದಿತು.

ಸರಿ ಬಂದ ಸೆಟ್ಟಿಂಗ್‌ಗಳನ್ನೆಲ್ಲ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಹಿಂಭಾಗದ ವೈರ್‌ಗಳದ್ದೂ ಒಂದು. ಟಿವಿ ಹಚ್ಚಿದರೆ ರಿಸೀವರ್ ತಾನೇ ಏಳುವಂತೆ ಎಚ್‌ಡಿಎಂಐ ಸಿಇಸಿ ಆನ್ ಮಾಡಿ, ಮನೆಯ ಹಿರಿಯರಿಗೆ ಒಂದೇ ರಿಮೋಟ್ ಸಾಕಾಗುತ್ತದೆ.

16. ಕೈಕೊಟ್ಟಾಗ ಗಾಬರಿ ಬೇಡ

ಇದ್ದಕ್ಕಿದ್ದಂತೆ ಆಫ್ ಆಗಿ ಕೆಂಪು ದೀಪ ಮಿನುಗತೊಡಗಿದರೆ ರಿಸೀವರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಪ್ಲಗ್ ಕಿತ್ತು ಅರ್ಧ ಗಂಟೆ ತಣಿಯಲು ಬಿಡಿ. ಎಲ್ಲ ಸ್ಪೀಕರ್ ವೈರ್‌ಗಳನ್ನೂ ಬಿಡಿಸಿ, ರಿಸೀವರನ್ನು ಮತ್ತೆ ಆನ್ ಮಾಡಿ. ಆಫ್ ಆಗದೆ ನಿಂತುಕೊಂಡರೆ ತಪ್ಪು ವೈರ್‌ನಲ್ಲೋ ಸ್ಪೀಕರ್‌ನಲ್ಲೋ ಇದೆ. ಪ್ರತಿ ಸಲವೂ ಆಫ್ ಮಾಡಿ ಒಂದೊಂದಾಗಿ ಸೇರಿಸುತ್ತ ಬಂದರೆ ಯಾವುದರಲ್ಲೆಂದು ಸಿಕ್ಕಿಬೀಳುತ್ತದೆ. ಬಹಳ ಸಲ ಅದು ಪಕ್ಕದ ಟರ್ಮಿನಲ್‌ಗೆ ತಾಗಿದ ಒಂದೇ ಒಂದು ತಾಮ್ರದ ಎಳೆ. ವೈರ್ ಏನೂ ಇಲ್ಲದೆಯೂ ಮಿನುಗಿದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.